ಆಲೂಗಡ್ಡೆಗೆ ನಿಂತಿದ್ದ ಜನ

1917ರ ಮೇ 25, ಶುಕ್ರವಾರ ಸಂಜೆ, ಮೊದಲನೇ ಮಹಾಯುದ್ಧ ನಡೀತಿದ್ದ ಕಾಲ. ಇಂಗ್ಲೆಂಡಿನ ಆಗ್ನೇಯ ಮೂಲೇಲಿ, ಫ್ರಾನ್ಸಿಗೆ ಎದುರಾಗಿ ಸಮುದ್ರದ ದಡದಲ್ಲಿರೋ ಫೋಕ್‌ಸ್ಟೋನ್ ಅನ್ನೋ ಊರಿನ ಟಾಂಟೀನ್ ಸ್ಟ್ರೀಟಲ್ಲಿ ಒಂದು ತರಕಾರಿ ಅಂಗಡಿ ಮುಂದೆ ಉದ್ದಕ್ಕೆ ಕ್ಯೂ. ಆಲೂಗಡ್ಡೆ ಲೋಡ್ ಬಂದಿದೆ ಅಂತ ಸುದ್ದಿ ಹಬ್ಬಿತ್ತು. ಶುಕ್ರವಾರ ಅಂದ್ರೆ ವಾರದ ಸಂಬಳ ಕೈಗೆ ಬರೋ ದಿನ, ಅದರ ಮೇಲೆ ಆ ಭಾನುವಾರ ವಿಟ್ಸನ್ ಹಬ್ಬ, ಈಸ್ಟರ್ ಆಗಿ ಏಳು ವಾರಕ್ಕೆ ಬರುತ್ತಲ್ಲ ಅದು, ಸೋಮವಾರ ರಜೆ ಬೇರೆ. ಹಾಗಾಗಿ ಬೀದಿ ತುಂಬ ಹೆಂಗಸರು, ಅವರ ಸೆರಗು ಹಿಡಿದ ಹಾಗೆ ಜೊತೇಲೇ ಬಂದ ಮಕ್ಕಳು, ತಳ್ಳೋ ಗಾಡಿಲಿ ಮಲಗಿದ್ದ ಕೂಸುಗಳು. ವಾತಾವರಣ ಚೆನ್ನಾಗಿತ್ತು, ಆಕಾಶ ತಿಳಿಯಾಗಿತ್ತು, ಬಿಸಿಲು ಇನ್ನೂ ಇತ್ತು, ಆ ದೇಶದಲ್ಲಿ ಮೇ ತಿಂಗಳಲ್ಲಿ ಕತ್ತಲಾಗೋದು ರಾತ್ರಿ ಒಂಬತ್ತರ ಹೊತ್ತಿಗೆ.

ಆರೂಕಾಲು ದಾಟಿದ ಮೇಲೆ ಆ ಕ್ಯೂ ಮೇಲೆ ಜರ್ಮನ್ ವಿಮಾನದಿಂದ ಒಂದು ಬಾಂಬ್ ಬಿತ್ತು. ಒಂದೇ ಒಂದು. ಅರವತ್ತಕ್ಕೂ ಹೆಚ್ಚು ಜನ ಅದೊಂದರಲ್ಲೇ ಹೋದ್ರು, ಕೆಲವರು ಅಲ್ಲೇ, ಕೆಲವರು ಆಸ್ಪತ್ರೆಲಿ. ನೆಲದೊಳಗಿನ ಗ್ಯಾಸ್ ಪೈಪ್ ಒಡೆದು ಬೆಂಕಿ ಹತ್ಕೊಂಡಿತು.

ನಾನು ಕೆಲಸದ ಮೇಲೆ ಫೋಕ್‌ಸ್ಟೋನ್ ಇರೋ ಕೆಂಟ್ ಜಿಲ್ಲೆಗೆ ಬಂದು ಸೆಟ್ಲ್ ಆದವಳು, ಆ ಊರು ಇಲ್ಲಿಂದ ಹತ್ತಿರ, ಬೇಸಿಗೆಲಿ ಮಕ್ಕಳನ್ನ ಕರ್ಕೊಂಡು ಬೀಚಿಗೆ ಹೋಗೋ ಊರು ಅದು. ಟಾಂಟೀನ್ ಸ್ಟ್ರೀಟ್ ಊರೊಳಗಿಂದ ಹಾರ್ಬರ್ ಕಡೆಗೆ ಇಳಿಯುತ್ತೆ, ಈಗ ಅಲ್ಲಿ ಕಲಾವಿದರ ಸ್ಟುಡಿಯೋಗಳು, ಕಾಫಿ ಅಂಗಡಿಗಳು. ಬಾಂಬ್ ಬಿದ್ದ ಜಾಗದಲ್ಲಿ ಒಂದು ಫಲಕ ಇದೆ. ಅದನ್ನ ಓದಿದ ಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದ್ತಾ ಬಂದೆ, ಓದಿದಷ್ಟೂ ನನಗೆ ಹೊಟ್ಟೇಲಿ ಸಂಕಟ ಆಗ್ತಿದ್ದದ್ದು ಬಾಂಬಿಗಿಂತ ಹೆಚ್ಚಾಗಿ ಬೇರೆ ಒಂದು ವಿಷಯಕ್ಕೆ. ಅವತ್ತು ಆ ವಿಮಾನಗಳು ಇಂಗ್ಲೆಂಡಿನ ಆಕಾಶಕ್ಕೆ ಬಂದು ಒಂದು ಗಂಟೆಗೂ ಹೆಚ್ಚಾಗಿತ್ತು. ಸರ್ಕಾರಕ್ಕೆ ಗೊತ್ತಿತ್ತು, ಸೇನೆಗೆ ಗೊತ್ತಿತ್ತು. ಕ್ಯೂನಲ್ಲಿ ನಿಂತವರಿಗೆ ಮಾತ್ರ ಯಾರೂ ಹೇಳಲಿಲ್ಲ.

ನಡೆದದ್ದು ಹೀಗೆ. ಜರ್ಮನರು ಅದಕ್ಕೆ ಮುಂಚೆ ಝೆಪ್ಲಿನ್‌ಗಳನ್ನ ಕಳಿಸ್ತಿದ್ರು, ಗ್ಯಾಸ್ ತುಂಬಿದ ಭಾರೀ ಉದ್ದನೆ ಏರ್‌ಶಿಪ್‌ಗಳು, ರಾತ್ರಿ ಹೊತ್ತು ಬಂದು ಬಾಂಬ್ ಹಾಕಿ ಹೋಗೋವು. 1915ರ ಜನವರಿ 19ರಂದು ಗ್ರೇಟ್ ಯಾರ್ಮತ್ ಅನ್ನೋ ಇನ್ನೊಂದು ಸಮುದ್ರ ತೀರದ ಊರಲ್ಲಿ ಇಬ್ಬರು ಸತ್ತದ್ದು ಅಂಥದ್ದರಿಂದಾನೇ, ಬ್ರಿಟನ್‌ನಲ್ಲಿ ಆಕಾಶದಿಂದ ಬಿದ್ದ ಬಾಂಬಿಗೆ ಸಿವಿಲಿಯನ್ಸ್ ಸತ್ತದ್ದು ಅದೇ ಮೊದಲು. 1916ರ ಕೊನೆ ಹೊತ್ತಿಗೆ ಬ್ರಿಟಿಷ್ ಪೈಲಟ್‌ಗಳು ಬೆಂಕಿ ಹತ್ತೋ ಗುಂಡು ಹೊಡೆದು ಝೆಪ್ಲಿನ್ ಬೀಳಿಸೋದು ಕಲಿತ್ಕೊಂಡ್ರು. ಸರಿ, ಇನ್ನೇನು ಭಯ ಇಲ್ಲ ಅಂತ ಲಂಡನ್‌ನಲ್ಲಿ ಕೂತ ದೊಡ್ಡವರು ತೀರ್ಮಾನ ಮಾಡಿಬಿಟ್ರು. ಊರು ಕಾಯೋಕೆ ಇಟ್ಟಿದ್ದ ಪೈಲಟ್‌ಗಳನ್ನ ಫ್ರಾನ್ಸಿಗೆ ಕಳಿಸಿದ್ರು. 1917ರ ಮಾರ್ಚಲ್ಲಿ ಇನ್ನೊಂದು ಆರ್ಡರ್ ಬಂತು, ಕರಾವಳೀಲಿರೋ ಫಿರಂಗಿಗಳನ್ನ ಬಿಟ್ಟು ಒಳನಾಡಿನ ಯಾವ ಫಿರಂಗಿಯೂ ಶತ್ರು ವಿಮಾನ ಅಂತ ಗುರುತು ಸಿಕ್ಕಿದ್ರೂ ಹೊಡೀಬಾರದು ಅಂತ. ಆರ್ಡರ್ ಬಂದು ಎರಡೂವರೆ ತಿಂಗಳಿಗೆ ಈ ದಾಳಿ.

ಈ ಸಲ ಬಂದದ್ದು ಝೆಪ್ಲಿನ್ ಅಲ್ಲ, ಗೋಥಾ. ಎರಡು ಇಂಜಿನ್, ಮೂರು ಜನ, ರೆಕ್ಕೆಯಿಂದ ರೆಕ್ಕೆಗೆ 23 ಮೀಟರಿಗೂ ಹೆಚ್ಚು. ಬೆಲ್ಜಿಯಮ್ಮಿನ ಘೆಂಟ್ ಊರಿನ ಸುತ್ತಮುತ್ತ ಇದ್ದ ಮೈದಾನಗಳಿಂದ ಎರ್ನ್ಸ್ಟ್ ಬ್ರಾಂಡೆನ್‌ಬುರ್ಗ್ ಅನ್ನೋ ಅಧಿಕಾರಿಯ ನೇತೃತ್ವದಲ್ಲಿ 23 ಗೋಥಾಗಳು ಹೊರಟ್ವು, ಎರಡು ದಾರೀಲಿ ಕೆಟ್ಟು ವಾಪಸ್ ಹೋದ್ವು, 21 ಇಂಗ್ಲೆಂಡ್ ಮುಟ್ಟಿದ್ವು. ಅವಕ್ಕೆ ಹೇಳಿ ಕಳಿಸಿದ್ದು ಲಂಡನ್. ಎಸೆಕ್ಸ್ ಕಡೆಯಿಂದ ಒಳಗೆ ಬಂದು ಲಂಡನ್ ಹತ್ತಿರ ಆಗೋ ಹೊತ್ತಿಗೆ ದಟ್ಟ ಮೋಡ, ಕೆಳಗೆ ಏನೂ ಕಾಣ್ತಿಲ್ಲ. ಬ್ರಾಂಡೆನ್‌ಬುರ್ಗ್ ದಕ್ಷಿಣಕ್ಕೆ ತಿರುಗಿಸಿದ. ಕೆಂಟ್ ಉದ್ದಕ್ಕೂ ಹಳ್ಳಿ ಪಟ್ಟಣಗಳ ಮೇಲೆ ಅಲ್ಲಲ್ಲಿ ಬಾಂಬ್ ಉದುರಿಸ್ತಾ ಬಂದ್ರು, ಲಿಂಪ್ನ್, ಹೈತ್, ಆಮೇಲೆ ಶಾರ್ನ್‌ಕ್ಲಿಫ್ ಮಿಲಿಟರಿ ಕ್ಯಾಂಪ್. ಕ್ಯಾಂಪಲ್ಲಿ 18 ಸೈನಿಕರು ಸತ್ರು, ಅದರಲ್ಲಿ ಹೆಚ್ಚಿನವರು ಕೆನಡಾದಿಂದ ಬಂದು ಟ್ರೈನಿಂಗಲ್ಲಿದ್ದ ಹುಡುಗರು. ಅಲ್ಲಿಂದ ಫೋಕ್‌ಸ್ಟೋನ್ ಕೂಗಳತೆ ದೂರ.

ಆ ಸದ್ದು ಊರಿಗೆ ಕೇಳಿಸಿತ್ತು. ಆದ್ರೆ ಆ ಊರಿನವರಿಗೆ ಸದ್ದು ಹೊಸದಲ್ಲ. ಕ್ಯಾಂಪಲ್ಲಿ ದಿನಾ ಪ್ರಾಕ್ಟೀಸ್, ಗಾಳಿ ಸರಿಯಿದ್ರೆ ಸಮುದ್ರದ ಆಚೆ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ರಣರಂಗದಲ್ಲಿ ಹೊಡೆಯೋ ಫಿರಂಗಿ ಕೂಡ ಕೇಳಿಸ್ತಿತ್ತು. 1914ರಲ್ಲಿ ಯುದ್ಧ ಶುರುವಾದಾಗ ಬೆಲ್ಜಿಯಂ ಬಿಟ್ಟು ಓಡಿಬಂದ ಜನ ದೋಣಿ ದೋಣಿ ತುಂಬ್ಕೊಂಡು ಇಳಿದದ್ದು ಇದೇ ಹಾರ್ಬರಲ್ಲಿ, ಊರಿನವರು ಅವರಿಗೆ ಊಟ ಹಾಕಿ ಜಾಗ ಕೊಟ್ಟು ನೋಡ್ಕೊಂಡಿದ್ರು. ಫ್ರಾನ್ಸಿಗೆ ಹೋಗೋ ಸೈನಿಕರು ಲಕ್ಷ ಲಕ್ಷ ಸಂಖ್ಯೇಲಿ ಹಡಗು ಹತ್ತಿದ್ದೂ ಇಲ್ಲಿಂದಾನೇ. ಹತ್ತಿರದಲ್ಲೇ ಬ್ರಿಟಿಷ್ ವಿಮಾನಗಳ ಮೈದಾನಗಳಿದ್ವು, ವಿಮಾನ ಹಾರೋದು ನೋಡಿ ನೋಡಿ ಅಭ್ಯಾಸ. ಅದಕ್ಕೇ ಆ ಸಂಜೆ ಬಹಳ ಎತ್ತರದಲ್ಲಿ ಬಿಸಿಲಿಗೆ ಹೊಳೀತಾ ಸಾಲಾಗಿ ಬಂದ ವಿಮಾನಗಳನ್ನ ಕಂಡು ಜನ ಹೆದರಲಿಲ್ಲ, ನಮ್ಮವೇ ಅಂದ್ಕೊಂಡು ಕತ್ತೆತ್ತಿ ನೋಡ್ತಾ ನಿಂತ್ರು. ಮಕ್ಕಳಿಗೆ ತೋರಿಸಿದ್ರು.

ನಾಲ್ಕು ಕಿಲೋಮೀಟರಿಗಿಂತ ಎತ್ತರದಿಂದ ಬಿಟ್ಟ ಬಾಂಬ್ ನೆಲ ಮುಟ್ಟೋಕೆ ಸುಮಾರು ಅರ್ಧ ನಿಮಿಷ ಬೇಕು. ಅಂದ್ರೆ ವಿಮಾನದಲ್ಲಿದ್ದವನು ಲಿವರ್ ಎಳೆದಾಗಿಂದ ಆ ಬೀದಿಲಿ ಇನ್ನೂ ಅರ್ಧ ನಿಮಿಷ ಎಲ್ಲ ಇದ್ದಹಾಗೇ ಇತ್ತು, ಯಾರೋ ಚಿಲ್ಲರೆ ಎಣಿಸ್ತಿದ್ರು, ಯಾರೋ ತೂಕ ಮಾಡ್ತಿದ್ರು, ಯಾವುದೋ ಮಗು ಹಟ ಮಾಡ್ತಿತ್ತು. ನನಗೆ ಇದನ್ನ ಓದುವಾಗ ಕಣ್ಮುಂದೆ ಬರೋದು ನಮ್ಮೂರ ಸೊಸೈಟಿ ಮುಂದೆ ಸೀಮೆಎಣ್ಣೆಗೆ ಕ್ಯಾನ್ ಇಟ್ಟು ಸಾಲು ನಿಲ್ತಿದ್ದ ನಮ್ಮಮ್ಮ ಮತ್ತೆ ಅಕ್ಕಪಕ್ಕದ ಮನೆಯವರು, ನಾನು ಅವಳ ಕೈ ಹಿಡ್ಕೊಂಡು ಬೇಜಾರಾಗಿ ಆಕಾಶ ನೋಡ್ತಿದ್ದದ್ದು. ಕ್ಯೂನಲ್ಲಿ ನಿಂತವಳು ಎಲ್ಲಿಗೂ ಹೋಗಲ್ಲ, ಯಾಕಂದ್ರೆ ಜಾಗ ಬಿಟ್ರೆ ಸಾಮಾನು ಸಿಗಲ್ಲ.

ಹತ್ತು ನಿಮಿಷದಲ್ಲಿ ಊರಿನ ದಾಳಿ ಮುಗೀತು. ಡೋವರ್ ಕಡೆ ಫಿರಂಗಿಗಳು ಗುಂಡು ಹಾರಿಸಿದ್ವು. 74 ಬ್ರಿಟಿಷ್ ವಿಮಾನಗಳು ಹಾರಿದ್ವಂತೆ, ಆದ್ರೆ ಗೋಥಾ ಇದ್ದ ಎತ್ತರಕ್ಕೆ ಹತ್ತೋ ಹೊತ್ತಿಗೆ ಅವು ಸಮುದ್ರದ ಮೇಲೆ ಹೊರಟು ಹೋಗಿದ್ವು. ಫ್ರಾನ್ಸಿನ ಡನ್‌ಕರ್ಕಿಂದ ಬಂದ ಬ್ರಿಟಿಷ್ ನೌಕಾಪಡೆ ಪೈಲಟ್‌ಗಳು ವಾಪಸ್ ಹೋಗೋ ದಾರೀಲಿ ಒಂದನ್ನ ಬೀಳಿಸಿದ್ರು. ಒಟ್ಟು ಆ ದಾಳೀಲಿ ಸತ್ತವರು 95, ಗಾಯಗೊಂಡವರು 195. ಬ್ರಿಟನ್‌ನಲ್ಲಿ ಅಲ್ಲಿವರೆಗೆ ಯಾವ ಝೆಪ್ಲಿನ್ ದಾಳೀಲೂ ಇಷ್ಟು ಜನ ಸತ್ತಿರಲಿಲ್ಲ. ಮಾರನೇ ದಿನದ ಸರ್ಕಾರಿ ಪ್ರಕಟಣೇಲಿ ಊರಿನ ಹೆಸರು ಕೂಡ ಇರಲಿಲ್ಲ, ಹೆಚ್ಚುಕಮ್ಮಿ ಹಾನಿಯೆಲ್ಲ ಒಂದು ಊರಲ್ಲಿ ಆಗಿದೆ ಅಂತಷ್ಟೇ ಇತ್ತು. ಮನೆಯವರನ್ನ ಕಳ್ಕೊಂಡ ಊರಿಗೆ ಹೆಸರೂ ಇಲ್ಲ!

ಯಾಕೆ ಹೇಳಲಿಲ್ಲ? ಸೈರನ್ ಇರಲಿಲ್ಲ ಅನ್ನೋದು ಉತ್ತರ ಅಲ್ಲ, ಗಂಟೆ ಬಾರಿಸಬಹುದಿತ್ತು, ಪೊಲೀಸರು ಸೈಕಲಲ್ಲಿ ಕೂಗ್ತಾ ಹೋಗಬಹುದಿತ್ತು, ಏನಾದ್ರೂ ಮಾಡಬಹುದಿತ್ತು. ಹೇಳಬಾರದು ಅನ್ನೋದೇ ಪಾಲಿಸಿ ಆಗಿತ್ತು. ಎಚ್ಚರಿಕೆ ಕೊಟ್ರೆ ಜನ ಗಾಬರಿಯಾಗ್ತಾರೆ, ಫ್ಯಾಕ್ಟರಿ ಕೆಲಸ ನಿಂತು ಹೋಗುತ್ತೆ, ಮದ್ದುಗುಂಡು ತಯಾರಿಕೆಗೆ ಹೊಡೆತ ಬೀಳುತ್ತೆ, ಇದು ವಾದ. ಮೇಲಿನವರಿಗೆ ಫೋನಲ್ಲಿ ಸುದ್ದಿ ಹೋಗ್ತಿತ್ತು, ಕೆಳಗಿನವರಿಗೆ ಗೊತ್ತಾಗ್ತಿದ್ದದ್ದು ಬಾಂಬ್ ಬಿದ್ದ ಮೇಲೆ. ಫೋಕ್‌ಸ್ಟೋನ್ ಜನ ಸುಮ್ಮನೆ ಕೂರಲಿಲ್ಲ, ಸಭೆ ಸೇರಿ ಸರ್ಕಾರವನ್ನ ನೇರವಾಗಿ ಕೇಳಿದ್ರು, ನಮಗೆ ಯಾಕೆ ತಿಳಿಸಲಿಲ್ಲ ಅಂತ. ಆದ್ರೂ ಜೂನ್ 13ಕ್ಕೆ ಅದೇ ಗೋಥಾಗಳು ಲಂಡನ್ ಮೇಲೆ ಹಗಲು ಹೊತ್ತಲ್ಲೇ ಬಂದಾಗ ಎಚ್ಚರಿಕೆ ಇರಲೇ ಇಲ್ಲ. 162 ಜನ ಸತ್ರು. ಪಾಪ್ಲರ್ ಅನ್ನೋ ಕೂಲಿಕಾರರ ಏರಿಯಾದ ಒಂದು ಶಾಲೆಗೆ ಬಾಂಬ್ ಬಿದ್ದು 18 ಮಕ್ಕಳು, ಹೆಚ್ಚಿನವು ಐದು ವರ್ಷದ ಕೂಸುಗಳು. ಅದಾದ ಮೇಲೆ, ಜುಲೈಲಿ, ಲಂಡನ್‌ನಲ್ಲಿ ಪಟಾಕಿ ಥರ ಸಿಡಿಸಿ ಎಚ್ಚರಿಸೋ ಪದ್ಧತಿ ಬಂತು. ಟಾಂಟೀನ್ ಸ್ಟ್ರೀಟಿನ ಹೆಂಗಸರು ಕೇಳಿದಾಗ ಆಗದೆ ಇದ್ದ ಕೆಲಸ ರಾಜಧಾನಿಗೆ ಹೊಡೆತ ಬಿದ್ದ ಮೇಲೆ ಆಯ್ತು. ಇದನ್ನ ನಾನು ಕ್ಷಮಿಸೋಕಾಗಲ್ಲ, ನೂರು ವರ್ಷ ಆಗಿದ್ರೂ ಸರಿ.

ಇನ್ನು ಆ ಕ್ಯೂ. ಅದು ಎಲ್ಲಿಂದ ಬಂತು ಅಂತ ನೋಡಬೇಕು. ಆ ವರ್ಷ ಫೆಬ್ರವರಿ 1ರಿಂದ ಜರ್ಮನ್ ಸಬ್‌ಮರೀನ್‌ಗಳು ಬ್ರಿಟನ್ ಸುತ್ತ ಕಂಡ ಹಡಗನ್ನೆಲ್ಲ, ಯಾವ ದೇಶದ್ದು ಏನು ಅಂತ ನೋಡದೆ, ಮುಳುಗಿಸೋಕೆ ಶುರು ಮಾಡಿದ್ವು. ಬ್ರಿಟನ್ ತಿನ್ನೋ ಗೋಧಿಲಿ ದೊಡ್ಡ ಪಾಲು ಹಡಗಲ್ಲಿ ಬರಬೇಕು. ಹಿಂದಿನ ವರ್ಷ ಆಲೂಗಡ್ಡೆ ಬೆಳೆ ಬೇರೆ ಕೈಕೊಟ್ಟಿತ್ತು. ರೇಷನ್ ಇನ್ನೂ ಜಾರಿಗೆ ಬಂದಿರಲಿಲ್ಲ, ಅದು ಬಂದದ್ದು 1918ರಲ್ಲಿ, ಹಾಗಾಗಿ ಸಿಕ್ಕವರಿಗೆ ಸೀರುಂಡೆ, ಎಲ್ಲಿ ಮಾಲು ಬಂತೋ ಅಲ್ಲಿ ಜನ. ಅಂದ್ರೆ ಆ ಹೆಂಗಸರನ್ನ ಆ ಬೀದಿಗೆ ತಂದು ನಿಲ್ಲಿಸಿದ್ದೂ ಅದೇ ಯುದ್ಧ. ಸಮುದ್ರದ ಕೆಳಗಿಂದ ಆಲೂಗಡ್ಡೆ ಕಿತ್ಕೊಂಡವರು ಮೇಲಿಂದ ಬಾಂಬ್ ಹಾಕಿದ್ರು.

ಇಷ್ಟು ಹೇಳಿ ನಿಲ್ಲಿಸಿದ್ರೆ ಅನ್ಯಾಯ ಆಗುತ್ತೆ. ಯಾಕಂದ್ರೆ ಅದೇ ಚಳಿಗಾಲದಲ್ಲಿ ಜರ್ಮನಿಲೂ ಆಲೂಗಡ್ಡೆ ಇರಲಿಲ್ಲ. ಬ್ರಿಟಿಷ್ ನೌಕಾಪಡೆ ಜರ್ಮನಿಗೆ ಸಾಮಾನು ಹೋಗದ ಹಾಗೆ ಸಮುದ್ರ ಬಂದ್ ಮಾಡಿತ್ತು, ಬೆಳೆ ಹಾಳಾಗಿತ್ತು, ದನಕ್ಕೆ ಹಾಕೋ ಟರ್ನಿಪ್ ಗೆಡ್ಡೆ ತಿಂದು ಜನ ಬದುಕಿದ್ರು, ಅಲ್ಲಿಯವರು ಇವತ್ತಿಗೂ ಅದಕ್ಕೆ ಟರ್ನಿಪ್ ಚಳಿಗಾಲ ಅಂತಾರೆ. ಬರ್ಲಿನ್ನಿನ ಹೆಂಗಸರೂ ಬೆಳಗಿನ ಜಾವಕ್ಕೆ ಎದ್ದು ಕ್ಯೂ ನಿಲ್ತಿದ್ರು. ಹಸಿವಿಂದ, ಹಸಿವು ತಂದ ಕಾಯಿಲೆಯಿಂದ ಯುದ್ಧ ಮುಗಿಯೋ ಹೊತ್ತಿಗೆ ಅಲ್ಲಿ ಸತ್ತವರು ಲಕ್ಷಗಟ್ಟಲೆ. ಮತ್ತೆ ಬಾಂಬ್ ವಿಷಯಕ್ಕೆ ಬಂದ್ರೆ, ಫೋಕ್‌ಸ್ಟೋನಿಗೆ ಹನ್ನೊಂದು ತಿಂಗಳು ಮುಂಚೆ, 1916ರ ಜೂನ್ 22, ಫ್ರೆಂಚ್ ವಿಮಾನಗಳು ಜರ್ಮನಿಯ ಕಾರ್ಲ್ಸ್‌ರೂಹ ಊರಿನ ರೈಲ್ವೆ ಸ್ಟೇಷನ್ ಹುಡುಕ್ಕೊಂಡು ಬಂದ್ವು. ಕೈಲಿದ್ದ ಮ್ಯಾಪ್ ಹಳೇದು. ಸ್ಟೇಷನ್ ಬೇರೆ ಕಡೆ ಶಿಫ್ಟ್ ಆಗಿತ್ತು. ಹಳೇ ಸ್ಟೇಷನ್ ಹತ್ತಿರ ಹಾಗೆನ್‌ಬೆಕ್ ಸರ್ಕಸ್ಸಿನ ಡೇರೆ ಹಾಕಿದ್ರು, ಅವತ್ತು ಹಬ್ಬದ ದಿನ, ಮಧ್ಯಾಹ್ನದ ಆಟ ನಡೀತಿತ್ತು. 120 ಜನ ಸತ್ರು, ಅದರಲ್ಲಿ 71 ಮಕ್ಕಳು.

ಒಂದು ಕಡೆ ಮೋಡ, ಇನ್ನೊಂದು ಕಡೆ ಹಳೇ ಮ್ಯಾಪ್. ಗುರಿ ತಪ್ಪಿತು ಅಂತ ಇವರೂ ಹೇಳಿದ್ರು, ಅವರೂ ಹೇಳಿದ್ರು. ನನಗನ್ಸೋದು, ಊರಿನ ಮೇಲೆ ನಾಲ್ಕು ಕಿಲೋಮೀಟರ್ ಎತ್ತರದಿಂದ ಅಂದಾಜಲ್ಲಿ ಬಾಂಬ್ ಬಿಡೋನಿಗೆ ಅದು ಯಾರ ಮೇಲಾದ್ರೂ ಬೀಳುತ್ತೆ ಅಂತ ಗೊತ್ತಿರುತ್ತೆ, ಯಾರ ಮೇಲೆ ಅಂತ ಮಾತ್ರ ಗೊತ್ತಿರಲ್ಲ. ಅದನ್ನ ಗುರಿ ತಪ್ಪಿದ್ದು ಅಂತ ಕರೆಯೋಕೆ ನನ್ನ ಮನಸ್ಸು ಒಪ್ಪಲ್ಲ.

ಆಮೇಲೆ ಆದದ್ದು ನಮಗೂ ಸಂಬಂಧಪಟ್ಟದ್ದು. ಫೋಕ್‌ಸ್ಟೋನ್, ಲಂಡನ್, ಮತ್ತೆ ಜುಲೈ 7ಕ್ಕೆ ಇನ್ನೊಂದು ಸಲ ಲಂಡನ್, ಜನರ ಸಿಟ್ಟು ತಡೆಯೋಕಾಗದೆ ಸರ್ಕಾರ ಯಾನ್ ಸ್ಮಟ್ಸ್‌ಗೆ ವಿಚಾರಣೆ ವಹಿಸಿತು. ಹೌದು, ಅದೇ ಸ್ಮಟ್ಸ್, ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯವರನ್ನ ಜೈಲಿಗೆ ಹಾಕಿದವನು. ಆಗಸ್ಟಲ್ಲಿ ಕೊಟ್ಟ ವರದೀಲಿ ಅವನು, ಮುಂದೆ ಯುದ್ಧ ಅಂದ್ರೆ ಮುಖ್ಯವಾಗಿ ಆಕಾಶದಿಂದ ಶತ್ರುವಿನ ಊರು, ಕಾರ್ಖಾನೆ, ಜನ ತುಂಬಿದ ಜಾಗಗಳನ್ನ ನಾಶ ಮಾಡೋದೇ ಆಗಬಹುದು, ಅದಕ್ಕೆ ಬೇರೇನೇ ಒಂದು ಪಡೆ ಬೇಕು ಅಂದ. 1918ರ ಏಪ್ರಿಲ್ 1ಕ್ಕೆ ರಾಯಲ್ ಏರ್ ಫೋರ್ಸ್ ಹುಟ್ಟಿತು. ಹುಟ್ಟಿ ಒಂದು ವರ್ಷ ಆಗಿ ಎರಡು ವಾರಕ್ಕೆ, 1919ರ ಏಪ್ರಿಲ್ 14ರಂದು, ಜಲಿಯನ್‌ವಾಲಾ ಬಾಗ್ ಆದ ಮಾರನೇ ದಿನ, ಆ ಪಡೆಯ ವಿಮಾನಗಳು ಲಾಹೋರಿಂದ ಹೋಗಿ ಪಂಜಾಬಿನ ಗುಜ್ರಾನ್‌ವಾಲಾ ಮೇಲೆ ಬಾಂಬ್ ಹಾಕಿದ್ವು, ಮಷಿನ್ ಗನ್ನಿಂದ ಹೊಡೆದ್ವು. ಖಾಲ್ಸಾ ಹೈಸ್ಕೂಲಿನ ಆವರಣಕ್ಕೂ ಬಾಂಬ್ ಬಿತ್ತು. ಅಲ್ಲಿ ಗಲಾಟೆ ನಡೆದಿತ್ತು, ಸ್ಟೇಷನ್ನಿಗೆ ಬೆಂಕಿ ಹಾಕಿದ್ರು ನಿಜ, ಆದ್ರೆ ಸುತ್ತಲಿನ ಹಳ್ಳಿಗಳಲ್ಲಿ ಗುಂಪು ಕಂಡ್ರೆ ಅದರ ಮೇಲೂ ಹಾರಿಸಿದ್ರು. ಹಾಗೆ ಹಾರಿಸಿದ ಒಬ್ಬ ಪೈಲಟ್ ಆಮೇಲೆ, ಪಂಜಾಬಿನ ಗಲಭೆಗಳ ವಿಚಾರಣೆಗೆ ಸರ್ಕಾರ ನೇಮಿಸಿದ ಹಂಟರ್ ಕಮಿಟಿ ಮುಂದೆ, ಅವರ ಒಳ್ಳೇದಕ್ಕೇ ಮಾಡಿದೆ ಅನ್ನೋ ಅರ್ಥದಲ್ಲಿ ಹೇಳ್ಕೆ ಕೊಟ್ಟ. ಪಾಪ್ಲರಿನ ಶಾಲೆ ಮಕ್ಕಳಿಗೋಸ್ಕರ ಕಣ್ಣೀರು ಹಾಕಿದ ದೇಶ ಅದು, ಇನ್ನೂ ಎರಡು ವರ್ಷ ತುಂಬಿರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಬಾಂಬು ನಮ್ಮ ಸಮುದ್ರದ ಊರುಗಳಿಗೂ ಬಂತು. 1942ರ ಏಪ್ರಿಲ್ 5, ಈಸ್ಟರ್ ಭಾನುವಾರ, ಜಪಾನೀಯರು ಕೊಲಂಬೋ ಮೇಲೆ ದಾಳಿ ಮಾಡಿದ್ರು. ಮಾರನೇ ದಿನ, ಏಪ್ರಿಲ್ 6ಕ್ಕೆ, ಹಡಗಿಂದ ಎದ್ದ ವಿಮಾನಗಳು ವಿಶಾಖಪಟ್ಟಣ ಮತ್ತೆ ಕಾಕಿನಾಡಕ್ಕೆ ಬಂದ್ವು. ಅದೇ ದಿನಗಳಲ್ಲಿ ಬಂಗಾಳ ಕೊಲ್ಲಿಲಿ ಇಪ್ಪತ್ತಕ್ಕೂ ಹೆಚ್ಚು ಸರಕು ಹಡಗು ಮುಳುಗಿಸಿದ್ರು. ವಿಶಾಖಪಟ್ಟಣದ ಬಂದರು ಆಗ ಹೊಸದು, ಹಡಗು ಕಟ್ಟೋ ಯಾರ್ಡಿಗೆ ಹಿಂದಿನ ವರ್ಷ ತಾನೇ ಅಡಿಗಲ್ಲು ಹಾಕಿದ್ರು. ಬಾಂಬ್ ಬಿದ್ದ ಮೇಲೆ ಜನ ಗಂಟುಮೂಟೆ ಕಟ್ಕೊಂಡು ಊರು ಬಿಟ್ರು, ಆಂಧ್ರ ಯೂನಿವರ್ಸಿಟಿ ಗುಂಟೂರಿಗೆ ಹೋಯ್ತು. ಸಿಡಿಯದೆ ಉಳಿದ ಒಂದು ಬಾಂಬನ್ನ ಅಲ್ಲಿನ ಮ್ಯೂಸಿಯಮ್ಮಲ್ಲಿ ಇಟ್ಟಿದ್ದಾರೆ.

ಮದ್ರಾಸಲ್ಲಿ ಆದದ್ದನ್ನ ನಾನು ನಮ್ಮ ದೊಡ್ಡಜ್ಜನ ಬಾಯಲ್ಲೇ ಕೇಳಿದ್ದೆ. ಅವರು ಕುಂದಾಪುರ ಕಡೆಯವರು, ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಮೀಸೆ ಚಿಗುರೋ ಮುಂಚೆನೇ ಮದ್ರಾಸಿನ ಒಂದು ಹೋಟ್ಲಲ್ಲಿ ಲೋಟ ತೊಳೆಯೋಕೆ ಸೇರಿದ್ರು. ವಿಶಾಖಪಟ್ಟಣದ ಸುದ್ದಿ ಬಂದ ಮೇಲೆ ಸರ್ಕಾರ, ಅನಿವಾರ್ಯ ಕೆಲಸ ಇಲ್ಲದವರು ಊರು ಬಿಡಿ ಅಂತ ಹೇಳಿತು, ಸರ್ಕಾರಿ ಆಫೀಸುಗಳು ಒಳನಾಡಿಗೆ ಹೊರಟ್ವು, ಝೂನಲ್ಲಿದ್ದ ಹುಲಿ ಸಿಂಹಗಳನ್ನ ತಪ್ಪಿಸ್ಕೊಂಡಾವು ಅಂತ ಗುಂಡಿಟ್ಟು ಕೊಂದ್ರು. ಫೋಕ್‌ಸ್ಟೋನಲ್ಲಿ ಏನೂ ಹೇಳಲಿಲ್ಲ, ಇಲ್ಲಿ ಹೇಳಿದ್ರು, ಆದ್ರೆ ಹೋಗೋಕೆ ಗಾಡಿ, ದುಡ್ಡು, ಹೋಗಿ ಇರೋಕೆ ಜಾಗ ಇದ್ದವರಿಗೆ ಮಾತ್ರ ಅದು ಎಚ್ಚರಿಕೆ. "ದುಡ್ಡಿದ್ದರ್ ಮೊದ್ಲ್ ಹೋದ್ರ್, ಹೋಟ್ಲ್ ಮಕ್ಕಳ್ನ್ ಕೇಂಬರ್ ಯಾರ್ ಮಗಾ" ಅಂತಿದ್ರು ದೊಡ್ಡಜ್ಜ. ಸಾಹುಕಾರ್ರು ಬೀಗ ಹಾಕಿ ಹೊರಟ ಮೇಲೆ ಅವರೂ ಜೊತೆಯ ಹುಡುಗರೂ ಸ್ಟೇಷನ್ನಲ್ಲಿ ದಿನಗಟ್ಟಲೆ ಕಾದು, ರೈಲಿನ ಬಾಗಿಲಿಗೆ ಜೋತುಬಿದ್ದು, ಅಲ್ಲಿಲ್ಲಿ ಇಳಿದು ಹತ್ತಿ ಊರು ಸೇರಿದ್ರಂತೆ. ಆ ತಿಂಗಳು ಮದ್ರಾಸಿಗೆ ಬಾಂಬ್ ಬೀಳಲಿಲ್ಲ. ಬಿದ್ದದ್ದು ಮುಂದಿನ ವರ್ಷ, 1943ರ ಅಕ್ಟೋಬರಲ್ಲಿ, ಒಂದು ವಿಮಾನ ಬಂದು ಹೋಯ್ತು, ಅಷ್ಟೊತ್ತಿಗೆ ದೊಡ್ಡಜ್ಜ ವಾಪಸ್ ಬಂದು ಅದೇ ಹೋಟ್ಲಲ್ಲಿ ಸಪ್ಲೈಯರ್ ಆಗಿದ್ರು.

ಫೋಕ್‌ಸ್ಟೋನಲ್ಲಿ ಸತ್ತವರ ಒಬ್ಬೊಬ್ಬರ ಹೆಸರು, ವಯಸ್ಸು, ಯಾವ ಬೀದಿಯವರು ಅನ್ನೋದೆಲ್ಲ ದಾಖಲಾಗಿದೆ, ಯಾಕಂದ್ರೆ ಅಲ್ಲಿ ವಿಚಾರಣೆ ಆಯ್ತು, ಊರಿನವರು ಬಿಡದೆ ಕೇಳಿದ್ರು, ವರ್ಷ ವರ್ಷ ನೆನಪು ಮಾಡ್ಕೊಂಡ್ರು. ಗುಜ್ರಾನ್‌ವಾಲಾದ, ವಿಶಾಖಪಟ್ಟಣದ ಹೆಸರುಗಳು ನಮ್ಮ ಯಾವ ಸ್ಕೂಲ್ ಪುಸ್ತಕಕ್ಕೂ ಬರಲಿಲ್ಲ. ಮದ್ರಾಸು, ವೈಜಾಗು, ಕೊಲಂಬೋ, ರಂಗೂನ್ ಕಡೆ ಆಗ ಕೆಲಸಕ್ಕಿದ್ದ ಕರಾವಳಿಯವರು ನೂರಾರು ಮನೇಲಿ ಇದ್ರು. ನಿಮ್ಮ ಮನೇಲಿ ಅಂಥ ಅಜ್ಜ ಅಜ್ಜಿ ಇದ್ದು ಇನ್ನೂ ಮಾತಾಡ್ತಿದ್ರೆ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಯಾವ ಬೀದಿ, ಯಾರ ಅಂಗಡಿ, ಪಕ್ಕದಲ್ಲಿ ಯಾರಿದ್ರು, ಸದ್ದು ಕೇಳಿದಾಗ ಕೈಲಿ ಏನಿತ್ತು ಅಂತ ಒಂದೊಂದಾಗಿ ಕೇಳಿ. ನಾನು ದೊಡ್ಡಜ್ಜನ ಹತ್ತಿರ ಆ ಹೋಟ್ಲಿನ ಉಳಿದ ಹುಡುಗರ ಹೆಸರು ಕೇಳಿ ಬರೆದಿಟ್ಟಿದ್ದೇನೆ, ಅವರ ಮನೆಯವರನ್ನ ಹುಡುಕ್ತಾ ಇದ್ದೇನೆ.